ಜೀಪಿನ ಎಂಜಿನ್, ಅಂಬಾಸಿಡರ್ ಮೈ

ಜೀಪಿನ ಎಂಜಿನ್, ಅಂಬಾಸಿಡರ್ ಮೈ, ಫಿಯೆಟ್ಟಿನ ದೀಪ ಮತ್ತು ಸೀಟು. ಗುಜರಿಯಲ್ಲಿ ಒಂದೊಂದನ್ನೂ ಆರಿಸಿ ನಾನು ಕಟ್ಟಿಸಿದ ಕಾರು ಅದು. ಬೆಳಗಾವಿಯಿಂದ ಖಾನಾಪುರದ ಕಾಲೇಜಿಗೆ ಪಾಠ ಮಾಡಲು ಹೋಗುತ್ತಿದ್ದ ನನಗೆ ಬಸ್ಸಿನ ಹಂಗು ಸಾಕಾಗಿತ್ತು. ಆದರೆ ಆರ್‌ಟಿಓ ತಪಾಸಣೆಯ ಸಾಹೇಬರು ಪಾಸು ಮಾಡದೆ ಅದು ರಸ್ತೆಗಿಳಿಯುವಂತಿರಲಿಲ್ಲ.

ಸಾಹೇಬರು ಕಾರಿಗೆ ಒಂದು ಸುತ್ತು ಹಾಕಿ, ನನ್ನನ್ನು ಬಿಟ್ಟು ನನ್ನ ಗಂಡನನ್ನು ಕೇಳಿದರು: "ಇದರ ಜಾತಿ ಯಾವುದ್ರಿ?"

"ಜಾತಿ ಕೇಳೂದು ನಮ್ಮ ಮನ್ಯಾಗ ರೂಢಿ ಇಲ್ರೀ," ಅಂದೆ ನಾನು. "ಏರು ಹತ್ತತೈತೋ ಇಲ್ಲೋ ಅಷ್ಟ ನೋಡ್ರಿ."

"ಬಾಯಾರ, ನೀವು ಸುಮ್ನಿರ್ರಿ. ಯಜಮಾನ್ರ, ನೀವು ಹತ್ತಿಸಿ ತೋರಸ್ರಿ."

ನನ್ನ ಗಂಡ ಗಂಭೀರವಾಗಿ ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು. "ಗಾಡಿ ಹೊಡ್ಯಾಕಿ ಆಕೀನ್ರಿ. ನಾ ಬರೇ ಭಾರ."

ಸಾಹೇಬರು ಅನುಮಾನಿಸುತ್ತಲೇ ನನ್ನ ಪಕ್ಕ ಕೂತರು. ಪೀರನವಾಡಿ ದಾಟಿ ಒಂದು ಏರಿನ ನಟ್ಟನಡುವೆ "ನಿಲ್ಲಸ್ರಿ" ಅಂದರು. ನಿಲ್ಲಿಸಿದೆ.

"ಈಗ ಹೊಡೀರಿ ನೋಡೂಣು."

ಕಾರು ಒಂದು ಗೇಣೂ ಹಿಂದೆ ಸರಿಯದೆ ಏರಿತು.

ಸಾಹೇಬರು ಪಾಸು ಮಾಡಿ, "ಭಾರೀ ಕಟ್ಟೀರಿ" ಎಂದು ಕೈ ಕುಲುಕಿದರು, ನನ್ನ ಗಂಡನದು. ಕುಲುಕಲಿ ಬಿಡಿ. ಚಾವಿ ನನ್ನ ಕೈಯಲ್ಲಿತ್ತು.