ಎರಡು ಅಡಿ ಒಳಗೆ ಬಂದ ಗೋಡೆ

ಯಲ್ಲಪ್ಪ ಕಾಕಾ, ನಿಮಗೆ ನಕ್ಷೆ ಓದಲು ಬರುವುದಿಲ್ಲ ಎಂದು ಕೌಜಲಗಿಯ ಮನೆ ಮಾಲಕರ ಮುಂದೆ ನಾನು ಹೇಳಿದ್ದು ಸುಳ್ಳು. ತಪ್ಪು ಓದಿದವಳು ನಾನು. ಇದು ನಿಮಗೆ ಗೊತ್ತು, ನಿಮ್ಮ ಆಳುಗಳಿಗೂ ಗೊತ್ತು — ಮಾಲಕರಿಗೆ ಮಾತ್ರ ಹನ್ನೊಂದು ವರ್ಷವಾದರೂ ಗೊತ್ತಿಲ್ಲ.

ಆಗ ನಾನು ಡಿಪ್ಲೊಮಾ ಮುಗಿಸಿ ಗೋಕಾಕದ ಒಬ್ಬ ಗುತ್ತಿಗೆದಾರರ ಬಳಿ ಸೇರಿದ್ದೆ. ಕೌಜಲಗಿಯ ಆ ಮನೆ ನನ್ನ ಮೊದಲ ಸೈಟು, ನೀವು ಅಲ್ಲಿ ಗೋಡೆ ಕಟ್ಟುವ ಹಿರಿಯ ಗೌಂಡಿ. ಕಾಲೇಜಿನಲ್ಲಿ ನಕ್ಷೆ ಬರೆದು ಒಳ್ಳೆಯ ಅಂಕ ಗಿಟ್ಟಿಸಿದ್ದೆ ನಿಜ. ಆದರೆ ಬಯಲಲ್ಲಿ ನಿಂತು ಅದೇ ಕಾಗದ ಬಿಚ್ಚಿದರೆ ಯಾವ ಗೀಟು ಗೋಡೆ, ಯಾವುದು ಮೆಟ್ಟಿಲು ಎಂದು ತಲೆ ಗಿರ್ರೆನ್ನುತ್ತಿತ್ತು. ಹುಡುಗಿಯೊಬ್ಬಳು ಕೆಲಸ ಮಾಡಿಸಲು ಬಂದಿದ್ದಾಳೆಂದು ಮೊದಲೇ ಎಲ್ಲರ ಕಣ್ಣು ನನ್ನ ಮೇಲೆ. ಗೊತ್ತಿಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ.

ನೀವು ದಿನಾ ಬೆಳಿಗ್ಗೆ "ಶರಣ್ರಿ ಬಾಯಾರ" ಎಂದು ಬಂದು ಎಲ್ಲರ ಎದುರು ಒಂದು ಪ್ರಶ್ನೆ ಕೇಳುತ್ತಿದ್ದಿರಿ. ಈ ತುಂಡು ತುಂಡು ಗೀಟು ಏನು? ಈ ಬಾಗಿಲು ಯಾವ ಕಡೆ ತೆರೆಯುತ್ತದೆ? ನಾಳೆ ಹೇಳುತ್ತೇನೆ ಎಂದು ದೊಡ್ಡಸ್ತಿಕೆ ತೋರಿಸಿ, ಬಸ್ಸು ಗೋಕಾಕ ಮುಟ್ಟುವವರೆಗೆ ಪುಸ್ತಕ ತಿರುವುತ್ತಿದ್ದೆ. ತುಂಡು ಗೀಟೆಂದರೆ ತಲೆಯ ಮೇಲೆ ಬರುವ ಸಜ್ಜಾ. ಕಿಟಕಿಯ ಎತ್ತರಕ್ಕೆ ಮನೆಯನ್ನು ಅಡ್ಡ ಕೊಯ್ದು ಮೇಲಿನಿಂದ ನೋಡಿದರೆ ಕಾಣುವುದೇ ನಕ್ಷೆ — ಇದು ತಿಳಿದ ದಿನ ಕಾಗದದ ಮೇಲೆ ಮನೆ ಎದ್ದು ನಿಂತಂತಾಯಿತು. ಮರುದಿನ ನಿಮಗೆ ವಿವರಿಸಿದೆ. "ಹೌದೇನ್ರಿ" ಎಂದು ತಲೆ ಆಡಿಸಿದಿರಿ. ಪಾಪ, ಮೂರನೇ ಇಯತ್ತೆ ಓದಿದ ಮನುಷ್ಯ, ನನ್ನಿಂದ ಕಲಿಯುತ್ತಿದ್ದಾನೆ ಎಂದುಕೊಂಡೆ. ನನ್ನ ಜಾಣತನಕ್ಕೆ ಈಗ ನಾನೇ ನಗಬೇಕು.

ನೀವು ಬೇರೆ ಕೆಲಸಕ್ಕೆಂದು ಮೂಡಲಗಿಗೆ ಹೋಗಿದ್ದಾಗ ಹಿಂದಿನ ಗೋಡೆಗೆ ಗೆರೆ ಹಾಕಿಸಿದವಳು ನಾನು. ನಮ್ಮ ಕೈಯಲ್ಲಿದ್ದದ್ದು ಝೆರಾಕ್ಸ್ ಅಂಗಡಿಯಲ್ಲಿ ಸಣ್ಣದು ಮಾಡಿಸಿದ ಪ್ರತಿ. ಅಡುಗೆಮನೆಯ ಅಂಕಿ ಕಾಗದದ ಮಡಿಕೆಯಲ್ಲಿ ಅಳಿಸಿಹೋಗಿತ್ತು. ಮನೆಯ ಒಟ್ಟು ಉದ್ದದಿಂದ ಉಳಿದ ಕೋಣೆಗಳನ್ನು ಕಳೆದಿದ್ದರೆ ಹನ್ನೆರಡು ಅಡಿ ಸಿಗುತ್ತಿತ್ತು. ನಾನು ಕಾಗದದ ಮೇಲೆ ಅಳತೆಪಟ್ಟಿ ಇಟ್ಟು ಅಳೆದೆ. ಹತ್ತು ಅಡಿ ಎಂದೆ. ಕಾಗದ ಸಣ್ಣದಾದರೆ ಅದರ ಮೇಲಿನ ಅಳತೆಯೂ ಸಣ್ಣದಾಗುತ್ತದೆಂಬುದು ಹೊಳೆಯಲೇ ಇಲ್ಲ.

ನೀವು ಮರಳುವಷ್ಟರಲ್ಲಿ ಕಲ್ಲು ಮೂರು ವರಸೆ ಎದ್ದಿತ್ತು. ನೀವು ಟೇಪು ಹಿಡಿದು ನೋಡುತ್ತಿರುವಾಗಲೇ ಮಾಲಕರು ಬಂದರು. ಅಡುಗೆಮನೆ ಎರಡು ಅಡಿ ಸಣ್ಣ. ಗೆರೆ ಹಾಕಿದ್ದು ಯಾರೆಂದು ಕೇಳಿದರು. ಕೆಲಸ ಹೋಗುತ್ತದೆ, ಇದು ನಿನ್ನ ಕೈಲಾಗದ್ದು ಎಂದಿದ್ದ ನಮ್ಮ ಮನೆಯವರ ಮಾತೇ ನಿಜವಾಗುತ್ತದೆ ಎನಿಸಿತು. ಆಮೇಲೆ ನನ್ನ ಬಾಯಿಂದ ಬಂದದ್ದು —

"ಕಾಕಾಗ ನಕಾಶಿ ಓದಾಕ ಬರೂದಿಲ್ರಿ."

ಮಾಲಕರು ಕೂಡಲೇ ನಂಬಿದರು. ನೀವು ಮೂಡಲಗಿಗೆ ಹೋಗಿದ್ದು ಅವರಿಗೆ ಗೊತ್ತಿರಲಿಲ್ಲ. ದಿನಾ ನೀವು ನನ್ನನ್ನು ಕೇಳುವುದನ್ನು ಅವರೂ ಕಂಡಿದ್ದರಲ್ಲ. ಆಳುಗಳು ನಿಮ್ಮ ಮುಖ ನೋಡಿದರು; ಸುಮ್ಮನಿರಿ ಎಂಬಂತೆ ನೀವು ಕೈ ಅಲುಗಿಸಿದಿರಿ. ಗೋಡೆ ಬಿಚ್ಚಿ ಸರಿಯಾದ ಜಾಗದಲ್ಲಿ ಕಟ್ಟಿಸಿಕೊಂಡ ಮೇಲೆ ಮಾಲಕರು ನಿಮ್ಮನ್ನು ಕೆಲಸದಿಂದ ಬಿಡಿಸಿದರು. ಘೋಡಗೇರಿಯಲ್ಲಿ ಅವರ ತಮ್ಮ ಕಟ್ಟಿಸಬೇಕಿದ್ದ ಮನೆಯ ಕೆಲಸವೂ ನಿಮ್ಮ ಕೈತಪ್ಪಿತು. ನಕ್ಷೆ ಬಾರದ ಗೌಂಡಿ ಎಂಬ ಹೆಸರು ನಿಮ್ಮ ಹಿಂದೆಯೇ ನಿಮ್ಮೂರು ದಡ್ಡಿಯವರೆಗೆ ಹೋಯಿತೆಂದು ಕೇಳಿದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೊರಡುವ ದಿನ ನೀವು ನಕ್ಷೆಯನ್ನು ಮಡಚಿ ನನ್ನ ಕೈಗಿಟ್ಟಿರಿ.

"ಕಾಗದಾ ಅಳೀಬ್ಯಾಡ್ರಿ ಬಾಯಾರ. ಬರದದ್ದ ಓದ್ರಿ."

ನೀವು ಹೋದ ಮೇಲೆ ಬಿಚ್ಚಿ ನೋಡಿದೆ. ಮಸುಕಾಗಿದ್ದ ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದ ಅಂಕಿ ಬರೆದಿದ್ದಿರಿ. ಬಾಗಿಲು, ಕಿಟಕಿ, ಮೆಟ್ಟಿಲು, ಒಂದನ್ನೂ ಬಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ೧೨, ಅಂಚಿನಲ್ಲಿ ಅದನ್ನು ಕೂಡಿ ಕಳೆದ ಲೆಕ್ಕ. ನಾನು ಅಂಥ ಮಾತು ಆಡಿದ ಮೇಲೂ, ಉಳಿದ ಕೋಣೆಗಳಲ್ಲಿ ನಾನು ಎಡವದಿರಲೆಂದು ಕೂತು ಬರೆದಿದ್ದಿರಿ. ನಾಲ್ಕು ಜನರ ಮುಂದೆ ನನ್ನ ಮಾನ ಉಳಿಸಿ ಕಲಿಸಬೇಕೆಂದೇ ನೀವು ಏನೂ ತಿಳಿಯದವರಂತೆ ಕೇಳುತ್ತಿದ್ದಿರಿ. ಆ ಒಳ್ಳೆಯತನವನ್ನೇ ನಾನು ನಿಮ್ಮ ವಿರುದ್ಧ ಸಾಕ್ಷಿ ಮಾಡಿದೆ.

ಕಾಕಾ, ಇವತ್ತು ನಾನು ತಿನ್ನುವ ರೊಟ್ಟಿ ನೀವು ಕಲಿಸಿದ ವಿದ್ಯೆಯದು. ಗೋಕಾಕ, ಹುಕ್ಕೇರಿ, ಮೂಡಲಗಿಯಲ್ಲಿ ನಾನು ಹಾಕಿಸಿದ ಗೆರೆಯ ಮೇಲೆ ಎದ್ದ ಮನೆಗಳಲ್ಲಿ ಸಂಸಾರಗಳು ನಡೆದಿವೆ. ಹೊಸ ನಕ್ಷೆ ಬಿಚ್ಚಿದಾಗಲೆಲ್ಲ ಮನಸ್ಸಿನಲ್ಲೇ ನಿಮಗೆ ಶರಣು ಎನ್ನುತ್ತೇನೆ. ಮನಸ್ಸಿನಲ್ಲೇ ಎನ್ನುವುದಕ್ಕೆ ಏನು ಕಷ್ಟ...

ನಾಳೆ ಆ ನಕ್ಷೆಯ ಹಾಳೆ ಹಿಡಿದು ಕೌಜಲಗಿಗೆ ಹೋಗುತ್ತೇನೆ. ಮಾಲಕರನ್ನೂ ಅವರ ತಮ್ಮನನ್ನೂ ಅದೇ ಅಡುಗೆಮನೆಗೆ ಕರೆದು, ನಿಮ್ಮ ಕೈಬರಹ ತೋರಿಸಿ, ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ದಡ್ಡಿಗೆ ನಿಮ್ಮ ಹತ್ತಿರ ಬರುವುದು ಆಮೇಲೆ. ಸುಳ್ಳು ಹೇಳಿದ ಜಾಗದಲ್ಲಿ ಖರೆ ಹೇಳದೆ ನಿಮ್ಮ ಕಾಲು ಮುಟ್ಟಲು ನನಗೆ ಮುಖವಿಲ್ಲ.