ಎರಡನೇ ಕೊಳವೆಯ ಹಿಟ್ಟು

ನಮ್ಮ ಭಾವನಿಗೆ ಫ್ಯಾಕ್ಟರಿಯಲ್ಲಿ ತಕ್ಕಡಿ ಎಂದು ಅಡ್ಡಹೆಸರು. ಯಾವ ಮಾತಿಗೂ ಒಂದು ಕಡೆ ವಾಲುವ ಜಾಯಮಾನ ಅವರದಲ್ಲ. ಟೀ ಬೇಕಾ ಎಂದು ಕೇಳಿದರೆ, "ಬೇಕು, ಆದ್ರೆ ಈಗ ಕುಡಿದ್ರೆ ಊಟ ಸೇರಲ್ವೇನೋ" ಎನ್ನುತ್ತಾರೆ. ಕೊಡೆ ಹಿಡಿದು ಹೊಸ್ತಿಲು ದಾಟುತ್ತಾರೆ, ಆಕಾಶ ನೋಡುತ್ತಾರೆ, ಒಳಗೆ ಬಂದು ಕೊಡೆ ಇಡುತ್ತಾರೆ, ಮತ್ತೆ ಹೋಗಿ ತೆಗೆದುಕೊಳ್ಳುತ್ತಾರೆ. ಹೊಲಿಗೆ ಕೆಲಸಕ್ಕೆಂದು ದಿನಾ ಅಕ್ಕನ ಮನೆಗೆ ಹೋಗುವ ನನಗೆ ಇದನ್ನೆಲ್ಲ ನೋಡಿ ನೋಡಿ ತಲೆ ಚಿಟ್ಟು ಹಿಡಿದಿತ್ತು.

ಇಂಥವರಿಗೂ ಒಂದು ವಿಷಯದಲ್ಲಿ ಮಾತ್ರ ಅನುಮಾನವೇ ಇರಲಿಲ್ಲ. ಅದು ಕೊಳವೆಗಳ ವಿಷಯ. ಫ್ಯಾಕ್ಟರಿಯಲ್ಲಿ ನುಚ್ಚಕ್ಕಿಯನ್ನು ನೆನೆಸಿ, ನೀರು ಬೆರೆಸಿ ಅರೆದು, ಗಿರ್ರನೆ ತಿರುಗುವ ಒಂದು ದೊಡ್ಡ ಯಂತ್ರಕ್ಕೆ ಬಿಡುತ್ತಾರೆ. ಅದರಿಂದ ಎರಡು ಕೊಳವೆಗಳು ಹೊರಬರುತ್ತವೆ. ಮೊದಲನೆಯದರಲ್ಲಿ ಬರುವುದು ಅಚ್ಚ ಬಿಳಿಯ ಪಿಷ್ಟ. ಬಟ್ಟೆಗೆ ಗಂಜಿ ಹಾಕುವವರು, ಕಾಗದ ಮಾಡುವವರು ಅದಕ್ಕೆ ಮುಗಿಬೀಳುತ್ತಾರೆ. ಕೆಲಸಗಾರರ ಬಾಯಲ್ಲಿ ಅದರ ಹೆಸರು ಮಾಲು. ಎರಡನೆಯದರಲ್ಲಿ ಬರುವುದು ಬೂದುಬಣ್ಣದ, ತುಸು ನಾರುವ ರಾಡಿ. ಮೊದಲಿನಿಂದಲೂ ದನದ ಮೇವಿಗೆ ಹೋಗುತ್ತಿದ್ದ ಅದನ್ನು ಎಲ್ಲರೂ ಕಸ ಎಂದೇ ಕರೆಯುತ್ತಿದ್ದರು.

ಇಪ್ಪತ್ತಾರು ವರ್ಷ ಭಾವ ಆ ಎರಡು ಕೊಳವೆಗಳ ನಡುವೆ ನಿಂತವರು. ಗಂಟೆಗೊಮ್ಮೆ ಎರಡರಿಂದಲೂ ಒಂದೊಂದು ಚಮಚ ತೆಗೆದು ಅಯೋಡಿನ್ ಹನಿ ಬಿಡಬೇಕು. ಮೊದಲನೆಯದು ಕಡುನೀಲಿಗೆ ತಿರುಗಿದರೆ ಮಾಲು ಚೆನ್ನಾಗಿದೆ. ಎರಡನೆಯದೂ ನೀಲಿಯಾದರೆ ಮಾಲು ಕಸಕ್ಕೆ ಸೋರುತ್ತಿದೆ ಎಂದರ್ಥ, ಅವತ್ತು ಮೇಲಿನವರಿಂದ ಮಂಗಳಾರತಿ. ಮಾಲಿನಲ್ಲಿ ನೀಲಿ ಕಂಡರೆ ಭಾವನ ಮುಖ ಅರಳುವುದು ಹೀಗೆ ಅಭ್ಯಾಸವಾಗಿಹೋಗಿತ್ತು.

ಎರಡು ವರ್ಷದ ಹಿಂದೆ ಎರಡನೇ ಕೊಳವೆಯನ್ನು ಹೊಸ ಕಟ್ಟಡಕ್ಕೆ ತಿರುಗಿಸಿದರು. ಅಲ್ಲಿ ಗೋಡೆಗೆಲ್ಲ ಟೈಲ್ಸು, ಒಳಗೆ ಹೋಗುವವರ ತಲೆಗೆ ಟೋಪಿ. ಆ ರಾಡಿಯನ್ನು ತೊಳೆದು, ಒಣಗಿಸಿ, ಪುಡಿ ಮಾಡಿ ಡಬ್ಬಕ್ಕೆ ತುಂಬಿ, ಅಕ್ಕಿಯ ಪ್ರೋಟೀನ್ ಎಂದು ಚೀಟಿ ಅಂಟಿಸುತ್ತಿದ್ದರು.

"ಕಸಕ್ಕೂ ಬಣ್ಣದ ಡಬ್ಬ! ಜನರ ಕಣ್ಣಿಗೆ ಮಣ್ಣೆರಚೋದು ಅಂದ್ರೆ ಇದೇ" ಎಂದು ಭಾವ ನಕ್ಕಿದ್ದರು.

ಆ ವರ್ಷವೇ ಬಿಸಿ ಇಸ್ತ್ರಿಪೆಟ್ಟಿಗೆ ಜಾರಿ ಅಕ್ಕನ ಬಲಗಾಲಿನ ಮೇಲೆ ಬಿತ್ತು. ಗಾಯ ಆಳವಾಗಿತ್ತು, ತಿಂಗಳು ಎರಡಾದರೂ ಕೂಡಲಿಲ್ಲ. ತೊಡೆಯ ಚರ್ಮ ತೆಗೆದು ಕಸಿ ಮಾಡಬೇಕು ಎಂದರು ಡಾಕ್ಟರು. ಆದರೆ ಅವಳ ಮೈಯಲ್ಲಿ ಪ್ರೋಟೀನ್ ತೀರಾ ಕಡಿಮೆ. ಅದು ಏರದೆ ಕಸಿ ಮಾಡಿದರೆ ಹತ್ತುವುದಿಲ್ಲ, ಹತ್ತದಿದ್ದರೆ ಆ ಪಾದ ಮತ್ತೆ ಮೊದಲಿನ ಹಾಗೆ ಮಡಚುವುದಿಲ್ಲ. ಹೊಲಿಗೆ ಯಂತ್ರ ತುಳಿಯುವವಳಿಗೆ ಪಾದ ಮಡಚದಿದ್ದರೆ ಇನ್ನೇನು ಉಳಿಯಿತು? ಅಕ್ಕ ಯಂತ್ರದ ಮೇಲೆ ಒಂದು ಬಟ್ಟೆ ಹೊದಿಸಿ ಮುಖ ಆ ಕಡೆ ತಿರುಗಿಸಿದಳು. ನನಗಂತೂ ಭಯವಾಯಿತು.

ಅಕ್ಕನಿಗೆ ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ, ಮೊಟ್ಟೆ ತಿಂದರೆ ಮೈತುಂಬ ದದ್ದು. ಆಸ್ಪತ್ರೆಯಲ್ಲಿ ಊಟದ ಸಲಹೆ ಕೊಡುವ ಮೇಡಂ ಅದನ್ನೆಲ್ಲ ಕೇಳಿ, "ಅಕ್ಕಿ ಪ್ರೋಟೀನ್ ಪುಡಿ ಕೊಡಿ. ಹೊಟ್ಟೆಗೆ ಹಗುರ, ಸಾಮಾನ್ಯವಾಗಿ ಯಾರಿಗೂ ಒಗ್ಗದೆ ಇರಲ್ಲ" ಎಂದರು.

ಭಾವನ ತಕ್ಕಡಿ ಅಲ್ಲಾಡತೊಡಗಿತು. "ಆದ್ರೆ ಮೇಡಂ, ಇವಳು ಮೂರು ಹೊತ್ತೂ ಅನ್ನಾನೇ ತಿನ್ನೋದು. ಅಕ್ಕೀಲೇ ಇದ್ದಿದ್ರೆ ಇವಳಿಗೆ ಯಾಕೆ ಕಡಿಮೆ ಆಯ್ತು?"

"ಒಂದು ತಟ್ಟೆ ಅನ್ನದಲ್ಲಿ ಇರೋದು ಒಂದು ಚಮಚದಷ್ಟು ಪ್ರೋಟೀನು. ಇವರಿಗೆ ಬೇಕಾದಷ್ಟು ಅನ್ನದಿಂದಲೇ ಸಿಗಬೇಕು ಅಂದ್ರೆ ದಿನಕ್ಕೆ ಹದಿನಾಲ್ಕು ತಟ್ಟೆ ತಿನ್ನಬೇಕು. ಅದಕ್ಕೇ ಬೇರೆ ಮಾಡಿರೋ ಪುಡಿ. ಜೊತೆಗೆ ಬೇಳೆಕಾಳು ಇರಲಿ. ಅಕ್ಕೀಲಿ ಕೊರತೆ ಇರೋ ಒಂದು ಅಂಶ ಬೇಳೇಲಿದೆ."

"ಆದ್ರೆ ಬೇಳೇಲೇ ಇದ್ರೆ ಅಕ್ಕಿ ಯಾಕೆ?" ಎಂದರು ಭಾವ. ಮೇಡಂ ನನ್ನ ಮುಖ ನೋಡಿದರು, ನಾನು ಛಾವಣಿಯ ಫ್ಯಾನು ನೋಡಿದೆ. ನನಗೂ ಅರ್ಧ ಅರ್ಥವಾಗಿರಲಿಲ್ಲ.

ಮರುದಿನ ಭಾವ ಫ್ಯಾಕ್ಟರಿಯಲ್ಲಿ ಕೇಳಿಕೊಂಡು ಒಂದು ಚೀಲ ಪುಡಿ ತಂದರು. ಅಚ್ಚ ಬಿಳುಪು, ನುಣುಪು. ಅಕ್ಕ ದಿನಕ್ಕೆ ಮೂರು ಸಲ ಕಾಯಿಸಿ ಕುಡಿದಳು. ಕೆನ್ನೆ ತುಂಬಿತು, ನಮಗೆಲ್ಲ ಖುಷಿ. ತಿಂಗಳಾದ ಮೇಲೆ ರಕ್ತಪರೀಕ್ಷೆ ಮಾಡಿಸಿದರೆ ಪ್ರೋಟೀನ್ ಇನ್ನೂ ಇಳಿದಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಏನಮ್ಮ, ಪುಡಿ ಸರಿಯಾಗಿ ತಗೊಳ್ತಿದೀರಾ? ಇನ್ನು ಆರು ವಾರ ನೋಡ್ತೀನಿ. ಆಮೇಲೂ ಹೀಗೇ ಇದ್ರೆ ಕಸಿ ಆಸೆ ಬಿಡಬೇಕಾಗತ್ತೆ."

ಮನೆಗೆ ಬಂದು ಮೂವರೂ ಲೆಕ್ಕ ಹಾಕತೊಡಗಿದೆವು. ಕುಡಿದದ್ದು ನಿಜ, ಮೈ ತುಂಬಿದ್ದು ನಿಜ, ಹಾಗಾದರೆ ಪುಡಿ ಹೋಗಿದ್ದೆಲ್ಲಿಗೆ? ಪರೀಕ್ಷೆಯೇ ತಪ್ಪೇನೋ ಎಂದರು ಭಾವ. ನನ್ನ ಮೈಯೇ ತಪ್ಪೇನೋ ಎಂದಳು ಅಕ್ಕ.

ಆ ಸಂಜೆ ನಾನು ಗಾಯಕ್ಕೆ ಔಷಧಿ ಹಚ್ಚುತ್ತಿದ್ದೆ. ಅದೂ ಅಯೋಡಿನ್ ಇರುವ ಕಂದು ಔಷಧಿಯೇ. ಪಕ್ಕದ ಸ್ಟೂಲಿನ ಮೇಲೆ ಅಕ್ಕನಿಗೆ ಪುಡಿ ಕಾಯಿಸಿದ ಬಟ್ಟಲು ಆರಲು ಇಟ್ಟಿತ್ತು. ಹತ್ತಿ ತೊಟ್ಟಿಕ್ಕಿ ಒಂದು ಹನಿ ಅದರೊಳಗೆ ಬಿತ್ತು. ನೋಡನೋಡುತ್ತ ಬಿಳಿ ಗಂಜಿಯ ನಡುವೆ ಕಡುನೀಲಿ ಹರಡಿತು. ನಾನು ಹೌಹಾರಿ, "ಅಯ್ಯೋ, ಇದರಲ್ಲಿ ಯಾರಾದ್ರೂ ವಿಷ ಬೆರೆಸಿದಾರಾ?" ಎಂದು ಕೂಗಿದೆ.

ಭಾವ ಓಡಿ ಬಂದು ಬಟ್ಟಲು ನೋಡಿದರು. ಅವರ ಮುಖ ಊರಗಲ ಅರಳಿತು. "ವಿಷ ಅಲ್ವೇ ಪೆದ್ದಿ! ನೋಡು, ಎಂಥಾ ನೀಲಿ! ಇದು ಮೊದಲನೇ ಕೊಳವೆ ಮಾಲು. ಇದರಲ್ಲಿ ಕಸ ಒಂದು ಚೂರೂ..."

ಅಲ್ಲಿಗೆ ನಿಂತರು.

"ಭಾವ, ಡಬ್ಬಕ್ಕೆ ತುಂಬೋದು ಯಾವ ಕೊಳವೇದು?" ಎಂದೆ.

"ಎರಡನೇದು. ಕಸದ್ದು" ಎಂದರು. "ಆದ್ರೆ... ಡಬ್ಬದ ಮಾತು ಬರೀ ಮೋಸ ಅನ್ಕೊಂಡಿದ್ದೆ. ಅಕ್ಕೀಲಿ ಒಳ್ಳೇದು ಏನೇ ಇದ್ರೂ ಅದು ಮೊದಲನೇದರಲ್ಲೇ ಬರಬೇಕಲ್ವಾ? ದನಕ್ಕೆ ಹಾಕೋದನ್ನ ಇವಳ ಬಟ್ಟಲಿಗೆ ಹಾಕೋಕೆ ನಂಗೆ ಕೈ ಬರ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತ್ತು, ಬಾಯಿಗೆ ಬಂದದ್ದೆಲ್ಲ ಅಂದೆ. ಒಂದು ತಿಂಗಳು ನೀರುಪಾಲಾಗಿತ್ತಲ್ಲ! ಭಾವ ತಲೆ ತಗ್ಗಿಸಿ ಅಂದುದನ್ನೆಲ್ಲ ಕೇಳಿಸಿಕೊಂಡರು.

ಮರುದಿನ ಫ್ಯಾಕ್ಟರಿಯ ಲ್ಯಾಬಿನ ಮೇಡಂ ಹತ್ತಿರ ಹೋಗಿ ಒಂದಕ್ಕೆರಡು ಸಲ ಕೇಳಿದರಂತೆ. ಹೌದು, ಅಕ್ಕಿಯ ಪ್ರೋಟೀನೆಲ್ಲ ಹೆಚ್ಚುಕಡಿಮೆ ಎರಡನೇ ಕೊಳವೆಗೇ ಹೋಗುತ್ತದೆ, ಮೊದಲನೆಯದರಲ್ಲಿ ಉಳಿಯುವುದು ಲೆಕ್ಕಕ್ಕಿಲ್ಲ ಎಂದರಂತೆ ಆಕೆ. ಕೊಳವೆಯಿಂದ ಹಾಗೇ ಹಿಡಿದು ತರಬೇಡಿ ಎಂದು ಗದರಿ, ತೊಳೆದು ಒಣಗಿಸಿದ ಡಬ್ಬವನ್ನೇ ಕೈಗಿತ್ತರಂತೆ.

ಆ ಪುಡಿ ಬೂದುಬಣ್ಣ, ನಾಲಿಗೆಗೆ ಮರಳುಮರಳು. ಅಕ್ಕ ಮುಖ ಕಿವಿಚಿಕೊಂಡು ಬೇಳೆಯ ಕಟ್ಟಿಗೆ ಕಲಸಿ ನುಂಗುತ್ತಿದ್ದಳು. ಭಾವ ಪ್ರತಿ ಡಬ್ಬ ತೆರೆದಾಗಲೂ ಒಂದು ಚಿಟಿಕೆ ಬೇರೆ ತೆಗೆದು ಅಯೋಡಿನ್ ಹನಿ ಬಿಟ್ಟು ನೋಡುತ್ತಿದ್ದರು. ನೀಲಿಯಾಗದಿದ್ದರೆ ನಿಟ್ಟುಸಿರು ಬಿಡುತ್ತಿದ್ದರು, ಕೂಡಲೇ ಹುಬ್ಬು ಗಂಟಿಕ್ಕುತ್ತಿದ್ದರು. ತಿನ್ನುವ ಪುಡಿ ನೀಲಿಯಾಗದ್ದಕ್ಕೆ ಸಂತೋಷಪಡುವುದು ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ.

ಆರು ವಾರಕ್ಕೆ ಪ್ರೋಟೀನ್ ಏರಿತು. ಕಸಿ ಮಾಡಿದರು, ಹತ್ತಿತು. ಕೊನೆಯ ಸಲ ಕಟ್ಟು ಬಿಚ್ಚಿದ ದಿನ ಅಕ್ಕ ಆಸ್ಪತ್ರೆಯ ಮಂಚದ ಮೇಲೆ ಕುಳಿತು, ಇಲ್ಲದ ಯಂತ್ರವನ್ನು ತುಳಿಯುವಂತೆ ಪಾದ ಮೇಲೆ ಕೆಳಗೆ ಆಡಿಸಿದಳು. ಮಡಚಿತು. ನನ್ನ ಕಣ್ಣು ಮಂಜಾಯಿತು.

"ಭೇಷ್. ಏನು ಕೊಟ್ರಿ ಇವರಿಗೆ?" ಎಂದರು ಡಾಕ್ಟರು ಭಾವನಿಗೆ.

ಭಾವ ಪ್ರಾಮಾಣಿಕವಾಗಿಯೇ ಯೋಚಿಸಿ ಹೇಳಿದರು: "ಮೊದಲು ಒಳ್ಳೇದು ಕೊಟ್ಟೆ ಡಾಕ್ಟ್ರೇ, ವಾಸಿ ಆಗ್ಲಿಲ್ಲ. ಆಮೇಲೆ ಕಸ ಕೊಟ್ಟೆ."

ಡಾಕ್ಟರು ಏನೂ ತಿಳಿಯದೆ ಅಕ್ಕನ ಕಡೆ ತಿರುಗಿದರು. ಅಕ್ಕ ಭಾವನನ್ನೇ ನೋಡುತ್ತಿದ್ದಳು.

"ಎರಡು ಸಲಾನೂ ಒಳ್ಳೇದೇ ಕೊಟ್ರಿ ಕಣ್ರೀ" ಎಂದಳು.

ಭಾವ ಎಂದಿನಂತೆ "ಆದ್ರೆ" ಎನ್ನಲು ಬಾಯಿ ತೆರೆದರು. ಅದನ್ನು ಅಲ್ಲಿಗೇ ನುಂಗಿ, ಬಗ್ಗಿ ಅಕ್ಕನ ಚಪ್ಪಲಿಯನ್ನು ಅವಳ ಪಾದದ ಹತ್ತಿರ ಸರಿಸಿದರು.