ಮೂರನೆಯವನ ಅರ್ಧ ಮುಖ

ನಿವೃತ್ತಿಯಾದ ಮೇಲೆ ಮ್ಯಾನ್‌ಹ್ಯಾಟನ್ನಿನ ಒಂದು ಮ್ಯೂಸಿಯಮ್ಮಿನಲ್ಲಿ ಗೈಡ್ ಆಗಲು ಅರ್ಜಿ ಹಾಕಿದೆ. ಸಂಬಳವಿಲ್ಲದ ಕೆಲಸ, ಆದರೂ ಪರೀಕ್ಷೆ ಉಂಟು. ನಾವೇ ಒಂದು ವಸ್ತುವನ್ನು ಆರಿಸಿಕೊಂಡು, ಬಂದ ಜನರೆದುರು ಇಪ್ಪತ್ತು ನಿಮಿಷ ಮಾತಾಡಬೇಕು, ಅವರ ಪ್ರಶ್ನೆಗಳಿಗೆ ಉತ್ತರಿಸಬೇಕು. ಪರೀಕ್ಷಕಿ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾರೆ. ಫೇಲಾದರೆ ಮುಗಿಯಿತು, ಇನ್ನೊಂದು ಅವಕಾಶವಿಲ್ಲ. ಇಷ್ಟು ವರ್ಷ ಔಷಧ ಕಂಪನಿಯ ಲ್ಯಾಬಿನಲ್ಲಿ ಬಾಯಿ ಮುಚ್ಚಿಕೊಂಡು ದುಡಿದ ನನಗೆ ಈ ಕೆಲಸ ಬೇಕೇ ಬೇಕು ಅನಿಸಿಬಿಟ್ಟಿತ್ತು.

ಉಳಿದವರೆಲ್ಲ ಕತ್ತಿ, ಕಿರೀಟ ಎಂದು ಮುಗಿಬಿದ್ದರು. ನಾನು ಆರಿಸಿದ್ದು ಮೂಲೆಯಲ್ಲಿದ್ದ ಮಧ್ಯಯುಗದ ಒಂದು ಕಲ್ಲಿನ ಹಲಗೆ. ಅದರಲ್ಲಿ ಮೂವರು ಅಣ್ಣತಮ್ಮಂದಿರು ಮಂಡಿಯೂರಿದ್ದಾರೆ. ದೊಡ್ಡವನು ರಾಜನಾದ. ಎರಡನೆಯವನು ಯುದ್ಧಗಳಲ್ಲಿ ಹೆಸರು ಮಾಡಿದ. ಮೂರನೆಯವನಿಗೆ ಡ್ಯೂಕ್ ಎಂಬ ಪದವಿ ಕೊಟ್ಟು, ಜೌಗುನೆಲದ ಒಂದು ಪುಟ್ಟ ಸೀಮೆಗೆ ಸಾಗಹಾಕಿದರು. ಶಿಲ್ಪಿಯೂ ಅವನಿಗೆ ಅರ್ಧ ಮುಖವನ್ನಷ್ಟೇ ಕೊಟ್ಟಿದ್ದಾನೆ, ಮಿಕ್ಕರ್ಧ ನಡುವಿನವನ ಭುಜದ ಹಿಂದೆ. ಓದಲು ಸಿಕ್ಕಿದ್ದೂ ಅಷ್ಟಕ್ಕಷ್ಟೆ. ಒಂದು ಸೇತುವೆ ಕಟ್ಟಿಸಿದ, ಕೆರೆಯ ಮೀನು ಯಾರದ್ದೆಂದು ಸನ್ಯಾಸಿಗಳ ಜೊತೆ ಜಗಳವಾಡಿದ. ಭಲೇ ಅಂದುಕೊಂಡೆ.

ನಾನೂ ಮೂರನೆಯವನೇ. ದೊಡ್ಡಣ್ಣ ಬಾಸ್ಕಿಂಗ್ ರಿಡ್ಜ್ ಎಂಬ ಊರಿನಲ್ಲಿ ಹೆಸರುವಾಸಿ ಹಾರ್ಟ್ ಡಾಕ್ಟರ್, ಎರಡನೆಯವನದು ಸಾಲು ಹೋಟೆಲುಗಳು. ನಾನು ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ "ಓ, ಡಾಕ್ಟರ್ ತಮ್ಮ ಅಲ್ವಾ!" ಎಂದೇ ಸ್ವಾಗತ. ದೊಡ್ಡಣ್ಣ ಕೆಟ್ಟವನಲ್ಲ. ನನಗೆ ಜ್ವರ ಬಂದರೆ ಈಸ್ಟ್ ಬ್ರನ್ಸ್‌ವಿಕ್‌ನ ನನ್ನ ಮನೆಗೆ ಓಡಿಬರುವವನೇ ಅವನು. ಆದರೆ ನನ್ನನ್ನು ಯಾರೇ ಏನೇ ಕೇಳಲಿ, ಉತ್ತರ ಅವನ ಬಾಯಿಂದ ಬರುತ್ತದೆ. ಹೆಣ್ಣು ನೋಡಲು ಹೋದಾಗ "ಹುಡುಗನಿಗೆ ಒಪ್ಪಿಗೆ" ಎಂದವನೂ ಅವನೇ. ನನಗೆ ಒಪ್ಪಿಗೆಯಿತ್ತು, ಆ ಮಾತು ಬೇರೆ.

ಪರೀಕ್ಷೆಗೆ ಬರಬೇಡ ಎಂದು ದೊಡ್ಡಣ್ಣನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಹೆಂಡತಿಯ ಜೊತೆ ಬಂದವನು ಎಲ್ಲರಿಗಿಂತ ಮುಂದೆ ನಿಂತ. ನಾನು ಹೇಗೋ ಇಪ್ಪತ್ತು ನಿಮಿಷ ದಾಟಿಸಿದೆ. ಆಗ ಒಬ್ಬ ಹೆಂಗಸು ಕೇಳಿದಳು, "ಅಣ್ಣಂದಿರ ಮೇಲೆ ಇವನಿಗೆ ಹೊಟ್ಟೆಕಿಚ್ಚು ಇರಲಿಲ್ಲವೇ?"

ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ ದೊಡ್ಡಣ್ಣ ಅವಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರುಮಾಡಿದ. "ಛೆ, ಯಾಕಿರುತ್ತದೆ? ಅವರು ಅವನಿಗೆ ಒಂದು ಸೀಮೆಯನ್ನೇ ಕೊಟ್ಟರಲ್ಲ!"

ಎಲ್ಲರೂ ಅವನತ್ತ ತಿರುಗಿದರು. ಹಿಂದೆ ಪರೀಕ್ಷಕಿಯ ಪೆನ್ನು ನಿಂತಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಣ್ಣ, ನೀನು ಸುಮ್ನಿರು," ಎಂದೆ ಕನ್ನಡದಲ್ಲಿ. "ಅವರು ಕೇಳಿದ್ದು ನನ್ನನ್ನ."

ಹುಟ್ಟಿದಾಗಿನಿಂದ ಅವನಿಗೆ ಹಾಗೆ ಹೇಳಿದವನಲ್ಲ. ಹೆಂಡತಿ ಕಣ್ಣು ಅರಳಿಸಿ ನನ್ನನ್ನೇ ನೋಡಿದಳು. ನಾನು ಆ ಹೆಂಗಸಿಗೆ ಹೇಳಿದೆ, "ಕಾಗದಪತ್ರಗಳಲ್ಲಿ ಅದೇನೂ ಇಲ್ಲ. ನನ್ನನ್ನು ಕೇಳಿದರೆ, ಇತ್ತು. ಚಿಕ್ಕಂದಿನಲ್ಲಿ ಬಹಳವೇ ಇದ್ದಿರಬೇಕು. ಸೇತುವೆ ಕಟ್ಟುವ ಹೊತ್ತಿಗೆ ಕಡಿಮೆಯಾಗಿರುತ್ತದೆ. ತನ್ನದು ಅಂತ ಒಂದು ಕೆಲಸ ಸಿಕ್ಕಿದರೆ ಮನುಷ್ಯ ಆರಾಮಾಗಿಬಿಡುತ್ತಾನೆ. ಆ ಮೀನಿನ ಜಗಳವನ್ನೂ ಅವನು ಖುಷಿಯಿಂದಲೇ ಆಡಿರಬೇಕು."

ಜನ ನಕ್ಕರು. ಪರೀಕ್ಷಕಿ ಏನೋ ಬರೆದುಕೊಂಡು, ನನ್ನತ್ತ ನೋಡಿ ಹೆಬ್ಬೆರಳು ಎತ್ತಿದರು. ನಾನು ಪಾಸು! ಅಲ್ಲಿಯೇ ಕುಣಿಯಬೇಕು ಅನಿಸಿತು.

"ಇನ್ನೇನಾದರೂ ಪ್ರಶ್ನೆ ಇದೆಯೇ?" ಎಂದೆ. ದೊಡ್ಡಣ್ಣ ಮೆಲ್ಲನೆ ಕೈ ಎತ್ತಿದ, ನಾನು ಕರೆಯುವವರೆಗೂ ಕಾದ.

"ಇವನಿಗೆ ಹಾಗನ್ನಿಸ್ತಿತ್ತು ಅಂತ," ಎಂದು ಕನ್ನಡದಲ್ಲೇ ಕೇಳಿದ, "ಅಣ್ಣನಿಗೆ ಗೊತ್ತಿತ್ತೇನೋ?"

"ಇಲ್ಲ ಅಣ್ಣ," ಎಂದೆ. "ಪಾಪ, ಅವನಿಗೆ ಯಾರೂ ಹೇಳಿರ್ಲಿಲ್ಲ."